ಕೊಲೊಸ್ಟಮಿ ಬ್ಯಾಗ್ ಸೋರಿಕೆ, ಸುತ್ತಲಿನ ಚರ್ಮದ ಉರಿ: ಮನೆಯಲ್ಲಿ ನೋಡಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಆಸ್ಪತ್ರೆಯಲ್ಲಿ ಇರುವಷ್ಟು ದಿನ ಬ್ಯಾಗಿನ ಚಿಂತೆ ಇರುವುದಿಲ್ಲ. ಸಿಸ್ಟರ್ ಬಂದು ಬದಲಾಯಿಸಿ ಹೋಗುತ್ತಾರೆ. ಊರಿಗೆ ಬಂದ ಮೇಲೆ ಶುರುವಾಗುತ್ತದೆ ನೋಡಿ. ಬಂಗಾರಪೇಟೆಯಲ್ಲೋ ಮುಳಬಾಗಿಲಲ್ಲೋ ರಾತ್ರಿ ಹೊತ್ತು ಬ್ಯಾಗ್ ಸೋರಿ, ಹಾಸಿಗೆಯೆಲ್ಲಾ ಆಗಿ, ಚರ್ಮ ಮೆಣಸಿನಪುಡಿ ಸವರಿದ ಹಾಗೆ ಉರಿಯುತ್ತಿದ್ದರೆ ಯಾರನ್ನು ಕೇಳುವುದು? ಮೆಡಿಕಲ್ ಶಾಪಿನವರು ಟೇಪ್ ಕೊಡುತ್ತಾರೆ. ಪಕ್ಕದ ಮನೆಯವರು ಕೊಬ್ಬರಿ ಎಣ್ಣೆ ಹಚ್ಚಿ ಅನ್ನುತ್ತಾರೆ. ಟೇಪ್ ಹಾಕಿದರೆ ಸೋರಿದ್ದು ಒಳಗೇ ನಿಂತು ಚರ್ಮ ಇನ್ನೂ ಸುಡುತ್ತದೆ, ಎಣ್ಣೆ ಹಚ್ಚಿದರೆ ಮುಂದಿನ ಬ್ಯಾಗ್ ಅಂಟುವುದೇ ಇಲ್ಲ.

ನಮ್ಮ ಅಪ್ಪನಿಗೆ ಕರುಳಿನ ಆಪರೇಷನ್ ಆಗಿ ಕೊಲೊಸ್ಟಮಿ, ಅಂದರೆ ಮೋಷನ್ ಹೊಟ್ಟೆಯ ಮೇಲಿನ ತೂತಿನಿಂದ ಬ್ಯಾಗಿಗೆ ಬರುವ ವ್ಯವಸ್ಥೆ, ಇಟ್ಟ ಮೇಲೆ ಮನೆಯಲ್ಲಿ ಬ್ಯಾಗಿನ ಕೆಲಸ ನನ್ನದು. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಬ್ಯಾಗ್ ಸುಮ್ಮಸುಮ್ಮನೆ ಸೋರುವುದಿಲ್ಲ. ಪ್ರತಿ ಸಲವೂ ಒಂದು ಕಾರಣ ಇರುತ್ತದೆ, ಆ ಕಾರಣದ ಗುರುತು ಕಿತ್ತು ತೆಗೆದ ಪ್ಲೇಟಿನ (ಚರ್ಮಕ್ಕೆ ಅಂಟುವ ಭಾಗದ) ಹಿಂಭಾಗದಲ್ಲಿ ಬಿದ್ದಿರುತ್ತದೆ. ಅದನ್ನು ನೋಡದೆ ದಿನಕ್ಕೊಂದು ಹೊಸ ಬ್ಯಾಗ್ ಅಂಟಿಸುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಚರ್ಮವೂ ಹೋಗುತ್ತದೆ.

ಯಾವುದು ಸಹಜ, ಯಾವುದು ಅಲ್ಲ

ಸ್ಟೋಮಾ ಅಂದರೆ ಹೊಟ್ಟೆಯ ಮೇಲೆ ಹೊರಗೆ ತಂದು ಹೊಲಿದಿರುವ ದೊಡ್ಡ ಕರುಳಿನ ತುದಿ. ಕೆಂಪಗೆ, ಒದ್ದೆಯಾಗಿ ಇರುತ್ತದೆ. ಮುಟ್ಟಿದರೆ ನೋವು ಗೊತ್ತಾಗುವ ನರ ಅದರಲ್ಲಿ ಇಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ, ಸ್ವಲ್ಪ ಒತ್ತಿ ಹಿಡಿದರೆ ನಿಲ್ಲುತ್ತದೆ. ಉರಿ, ನೋವು, ನವೆ ಎಲ್ಲಾ ಆಗುವುದು ಸುತ್ತಲಿನ ಚರ್ಮಕ್ಕೆ.

ಆ ಚರ್ಮ ಹೊಟ್ಟೆಯ ಇನ್ನೊಂದು ಬದಿಯಲ್ಲಿ ಹೇಗಿದೆಯೋ ಹಾಗೇ ಇರಬೇಕು. ಪ್ಲೇಟ್ ಕಿತ್ತ ಕೂಡಲೇ ಸ್ವಲ್ಪ ಕೆಂಪಗೆ ಕಂಡು, ಸ್ವಲ್ಪ ಹೊತ್ತಿಗೆ ಮಾಮೂಲಿಗೆ ಬಂದರೆ ಪರವಾಗಿಲ್ಲ. ಹಾಗಲ್ಲದೆ ಕೆಂಪು ಹಾಗೇ ಉಳಿದರೆ, ನೀರು ಜಿನುಗಿದರೆ, ಸಿಪ್ಪೆ ಎದ್ದರೆ ಏನೋ ಸರಿಯಿಲ್ಲ ಅಂತಲೇ ಅರ್ಥ. "ಬ್ಯಾಗ್ ಹಾಕಿದ ಮೇಲೆ ಇಷ್ಟು ಇದ್ದದ್ದೇ" ಅನ್ನುವವರ ಮಾತು ಕೇಳಬೇಡಿ.

ಸ್ಟೋಮಾ ಎಲ್ಲಿದೆ ಅನ್ನುವುದೂ ಮುಖ್ಯ. ಎಡಗಡೆ ಕೆಳಹೊಟ್ಟೆಯಲ್ಲಿದ್ದರೆ ಮೋಷನ್ ಸಾಮಾನ್ಯವಾಗಿ ಗಟ್ಟಿಯಾಗಿ ಬರುತ್ತದೆ, ಸೋರಿಕೆ ಕಡಿಮೆ. ಹೊಟ್ಟೆಯ ಮೇಲ್ಭಾಗದಲ್ಲಿ, ಅಡ್ಡ ಕರುಳಿನಿಂದ ತಂದಿದ್ದರೆ ತೆಳ್ಳಗೆ ಬರುತ್ತದೆ, ಅದು ಚರ್ಮವನ್ನು ಜಾಸ್ತಿ ಸುಡುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಥರದ್ದು ಅಂತ ಬರೆದಿರುತ್ತಾರೆ, ಒಮ್ಮೆ ಓದಿ ನೋಡಿ.

ಹೆಜ್ಜೆ 1: ಎಸೆಯುವ ಮೊದಲು ಪ್ಲೇಟ್ ತಿರುಗಿಸಿ ನೋಡಿ

ಪ್ಲೇಟ್ ಅಂದರೆ ಚರ್ಮಕ್ಕೆ ಅಂಟುವ ಭಾಗ. ಕೆಲವರು ಫ್ಲ್ಯಾಂಜ್ ಅನ್ನುತ್ತಾರೆ. ಬ್ಯಾಗ್ ಜೊತೆ ಸೇರಿಯೇ ಬಂದರೆ ಒನ್ ಪೀಸ್, ಬೇರೆ ಬೇರೆ ಬಂದರೆ ಟೂ ಪೀಸ್. ಎರಡಕ್ಕೂ ಇದೇ ಕ್ರಮ.

ಕೀಳುವ ಮೊದಲು ಪ್ಲೇಟಿನ ಮೇಲಂಚಿನಲ್ಲಿ, ಅಂದರೆ ತಲೆಯ ಕಡೆಗೆ, ಪೆನ್ನಿನಲ್ಲಿ ಒಂದು ಗೀಟು ಹಾಕಿ. ಅದು 12 ಗಂಟೆ. ಕಾಲಿನ ಕಡೆ 6 ಗಂಟೆ. ಕಿತ್ತ ಮೇಲೆ ಕಿಟಕಿ ಬೆಳಕಿಗೆ ಹಿಡಿದು ಅಂಟಿನ ಬದಿ ನೋಡಿ. ಅಂಟು ಗಟ್ಟಿಯಾಗಿರುವ ಕಡೆ ಮೊದಲಿನ ಬಣ್ಣವೇ ಇರುತ್ತದೆ. ತೇವ ಹೊಕ್ಕ ಕಡೆ ಬೆಳ್ಳಗೆ ಉಬ್ಬಿ, ಬೆರಳಲ್ಲಿ ಮುಟ್ಟಿದರೆ ಮೆತ್ತಗೆ ಲೋಳೆಯಾಗಿ ಕಿತ್ತು ಬರುತ್ತದೆ.

ತೂತಿನ ಸುತ್ತ ಸಣ್ಣ ಉಂಗುರದಷ್ಟು ಜಾಗ ಒಂದೇ ಸಮನಾಗಿ ಬೆಳ್ಳಗಾಗಿದ್ದರೆ ಅದು ಮಾಮೂಲಿ. ಆ ಉಂಗುರ ಅಗಲವಾಗಿದ್ದರೆ ಪ್ಲೇಟನ್ನು ಜಾಸ್ತಿ ದಿನ ಬಿಟ್ಟಿದ್ದೀರಿ, ಅಥವಾ ತೂತು ದೊಡ್ಡದಾಗಿ ಕತ್ತರಿಸಿದ್ದೀರಿ. ಒಂದೇ ಕಡೆಗೆ, ಉದಾಹರಣೆಗೆ 5 ಗಂಟೆಯ ದಿಕ್ಕಿಗೆ, ಮೋಷನ್ ಕಾಲುವೆ ಮಾಡಿಕೊಂಡು ಅಂಚಿನವರೆಗೂ ಹೋಗಿದ್ದರೆ ಹೊಟ್ಟೆಯ ಮೇಲೆ ಅದು ಅಂಟಿದ್ದ ಜಾಗದಲ್ಲಿ ಒಂದು ಗುಂಡಿಯೋ ಮಡಿಕೆಯೋ ಇದೆ. ಈಗ ಚರ್ಮ ನೋಡಿ. ಪ್ಲೇಟ್ ಮಗುಚಿದಾಗ ಎಡ ಬಲ ಅದಲುಬದಲಾಗುತ್ತದೆ, ಹಾಗಾಗಿ ಹಿಂಭಾಗದಲ್ಲಿ 5 ಗಂಟೆಗೆ ಕಂಡದ್ದು ಚರ್ಮದಲ್ಲಿ 7 ಗಂಟೆಗೆ ಬರುತ್ತದೆ. ಕೆಂಪಾಗಿರುವ ಜಾಗವೂ ಅಲ್ಲೇ ಇರುತ್ತದೆ, ಅಲ್ವಾ? ಪ್ಲೇಟಿನ ಒಂದು ಫೋಟೋ, ಚರ್ಮದ ಒಂದು ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಎರಡು ಮೂರು ಸಲದ ಫೋಟೋ ಸೇರಿದರೆ ಸೋರುವ ಜಾಗ ಯಾವುದು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಹೆಜ್ಜೆ 2: ತೂತಿನ ಅಳತೆ

ಬಹಳ ಜನರ ಮನೆಯಲ್ಲಿ ತಪ್ಪುವುದು ಇಲ್ಲೇ. ಆಪರೇಷನ್ ಆದಾಗ ಸ್ಟೋಮಾ ಊದಿಕೊಂಡಿರುತ್ತದೆ. ಮುಂದಿನ 6ರಿಂದ 8 ವಾರದಲ್ಲಿ ಊತ ಇಳಿದು ಚಿಕ್ಕದಾಗುತ್ತಾ ಬರುತ್ತದೆ. ಆಸ್ಪತ್ರೆಯಲ್ಲಿ ಹೇಳಿದ ಅಳತೆಯನ್ನೇ ಹಿಡಿದು ಕತ್ತರಿಸುತ್ತಾ ಹೋದರೆ ಸ್ಟೋಮಾಗೂ ಪ್ಲೇಟಿಗೂ ನಡುವೆ ಬರಿ ಚರ್ಮ ಉಳಿಯುತ್ತದೆ. ಮೋಷನ್ ಅಲ್ಲಿ ದಿನವಿಡೀ ಕೂತಿರುತ್ತದೆ. ಚರ್ಮ ಹಸಿಯಾಗುತ್ತದೆ, ಹಸಿ ಚರ್ಮಕ್ಕೆ ಪ್ಲೇಟ್ ಹಿಡಿಯುವುದಿಲ್ಲ, ಹಿಡಿಯದಿದ್ದರೆ ಮತ್ತೆ ಸೋರುತ್ತದೆ.

ಆದ್ದರಿಂದ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಅಳೆಯಿರಿ. ಆಮೇಲೂ ತೂಕ ಹೆಚ್ಚು ಕಡಿಮೆ ಆದಾಗ ಅಳೆಯಿರಿ. ಬ್ಯಾಗಿನ ಡಬ್ಬಿಯಲ್ಲಿ ತೂತುಗಳಿರುವ ಅಳತೆ ಕಾರ್ಡ್ ಬರುತ್ತದೆ. ಸ್ಟೋಮಾ ಬುಡದ ಸುತ್ತ 2ರಿಂದ 3 ಮಿಲಿಮೀಟರ್ ಸಂದು ಬಿಡಬೇಕು, ಅಷ್ಟೇ. ಅದಕ್ಕಿಂತ ಬಿಗಿಯಾದರೆ ಪ್ಲೇಟಿನ ಅಂಚು ಸ್ಟೋಮಾವನ್ನು ಉಜ್ಜಿ ಗಾಯ ಮಾಡುತ್ತದೆ. ನೋವು ಗೊತ್ತಾಗುವುದಿಲ್ಲವಲ್ಲ, ರಕ್ತ ನೋಡಿದ ಮೇಲೆಯೇ ತಿಳಿಯುವುದು.

ಸ್ಟೋಮಾ ದುಂಡಗಿಲ್ಲದೆ ಮೊಟ್ಟೆಯಾಕಾರ ಇದ್ದರೆ ಕಾರ್ಡ್ ಸಾಲದು. ಶುಭ್ರವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮೇಲೆ ಹಿಡಿದು ಮಾರ್ಕರಿನಲ್ಲಿ ಆಕಾರ ಬರೆದುಕೊಳ್ಳಿ. ಇಲ್ಲೊಂದು ಸೂಕ್ಷ್ಮ ಇದೆ. ನೀವು ಬರೆದದ್ದು ಎದುರಿನಿಂದ, ಕತ್ತರಿಸುವುದು ಪ್ಲೇಟಿನ ಹಿಂಭಾಗದಲ್ಲಿ. ಹಾಳೆಯನ್ನು ಮಗುಚಿ ಇಟ್ಟು ಗೆರೆ ಎಳೆಯದಿದ್ದರೆ ಎಡದ್ದು ಬಲಕ್ಕೆ ಹೋಗಿ, ಎಷ್ಟು ಚೆನ್ನಾಗಿ ಕತ್ತರಿಸಿದರೂ ಹೊಂದುವುದಿಲ್ಲ. ಕತ್ತರಿಸಿದ ಮೇಲೆ ತೂತಿನ ಒಳ ಅಂಚಿನಲ್ಲಿ ಬೆರಳು ಆಡಿಸಿ, ಚುಚ್ಚುವ ಮೊನೆ ಇದ್ದರೆ ನುಣುಪು ಮಾಡಿ.

ಹೆಜ್ಜೆ 3: ಬದಲಾಯಿಸುವ ಕ್ರಮ

ಬೆಳಗ್ಗೆ ಎದ್ದು ಏನೂ ತಿನ್ನುವ ಮೊದಲು ಮಾಡಿ. ಆಗ ಸ್ಟೋಮಾ ಸುಮ್ಮನಿರುತ್ತದೆ. ತಿಂಡಿ ಆದ ಮೇಲೆ ಕೂತರೆ ಪ್ಲೇಟ್ ಅಂಟಿಸುವ ಹೊತ್ತಿಗೇ ಮೋಷನ್ ಬರುತ್ತದೆ, ಇದು ಯಾರೂ ತಪ್ಪಿಸಲಾಗದ ನಿಯಮ ಅನ್ನಿಸಿಬಿಟ್ಟಿದೆ ನನಗೆ.

ಕತ್ತರಿಸಿದ ಪ್ಲೇಟ್, ಬ್ಯಾಗ್, ಕ್ಲಿಪ್, ಒದ್ದೆ ಬಟ್ಟೆ, ಒಣ ಬಟ್ಟೆ, ಪೌಡರ್, ಕಸಕ್ಕೆ ಒಂದು ಕವರ್, ಎಲ್ಲಾ ಕೈಗೆಟುಕುವಂತೆ ಇಟ್ಟುಕೊಂಡು ಶುರುಮಾಡಿ. ಬ್ಯಾಗ್ ಖಾಲಿ ಮಾಡಿ. ಪ್ಲೇಟನ್ನು ಮೇಲಿನಿಂದ ಕೆಳಕ್ಕೆ ಬಿಡಿಸಿ. ಎಳೆಯಬೇಡಿ. ಒಂದು ಕೈಯಲ್ಲಿ ಪ್ಲೇಟಿನ ಅಂಚು ಹಿಡಿದು, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆಯಿಂದ ಚರ್ಮವನ್ನು ಮೆಲ್ಲಗೆ ಒಳಕ್ಕೆ ಒತ್ತುತ್ತಾ ಹೋಗಿ. ಸರ್ರನೆ ಕಿತ್ತರೆ ಚರ್ಮದ ಮೇಲಿನ ಪದರವೂ ಜೊತೆಗೆ ಬರುತ್ತದೆ. ವಯಸ್ಸಾದವರ ತೆಳ್ಳನೆ ಚರ್ಮಕ್ಕೆ ಅಂಟು ಬಿಡಿಸುವ ಸ್ಪ್ರೇ ತೆಗೆದುಕೊಂಡರೆ ಒಳ್ಳೆಯದು.

ತೊಳೆಯುವುದಕ್ಕೆ ಉಗುರುಬೆಚ್ಚಗಿನ ಬರೀ ನೀರು ಸಾಕು. ಡೆಟಾಲ್, ಸ್ಪಿರಿಟ್, ಅರಿಶಿಣ ಏನೂ ಬೇಡ. ಮಕ್ಕಳಿಗೆ ಬಳಸುವ ವೆಟ್ ವೈಪ್ಸ್ ಕೂಡ ಬೇಡ, ಅದರಲ್ಲಿರುವ ಜಿಡ್ಡು ಚರ್ಮದ ಮೇಲೆ ಉಳಿಯುತ್ತದೆ. ಸೋಪು ಹಾಕಲೇಬೇಕು ಅನ್ನುವವರಿಗೆ ಒಂದು ಮಾತು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೋರ್‌ವೆಲ್ ನೀರು ಗಡಸು, ಎಷ್ಟು ತೊಳೆದರೂ ಸೋಪಿನ ಪೊರೆ ಪೂರ್ತಿ ಹೋಗುವುದಿಲ್ಲ. ಅದರ ಮೇಲೆ ಪ್ಲೇಟ್ ಸರಿಯಾಗಿ ಕೂರುವುದಿಲ್ಲ. ಬ್ಯಾಗ್ ತೆಗೆದು ಸ್ನಾನ ಮಾಡಬಹುದು, ನೀರು ಸ್ಟೋಮಾ ಒಳಗೆ ಹೋಗುವುದಿಲ್ಲ.

ಆಮೇಲೆ ಒಣಗಿಸುವುದು. ಮೆತ್ತಗಿನ ಹಳೇ ಪಂಚೆ ಬಟ್ಟೆಯಲ್ಲಿ ಒತ್ತಿ ಒತ್ತಿ ತೇವ ತೆಗೆಯಿರಿ, ಉಜ್ಜಬೇಡಿ. ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಬಿಡಿ. ಅಷ್ಟರಲ್ಲಿ ಮೋಷನ್ ಬಂದರೆ ಟಿಶ್ಯೂ ಸುರುಳಿ ಸುತ್ತಿ ಸ್ಟೋಮಾ ಮೇಲೆ ಹಿಡಿಯಿರಿ. ಗಂಡಸರಿಗೆ ಹೊಟ್ಟೆ ಮೇಲೆ ಕೂದಲಿದ್ದರೆ ಟ್ರಿಮ್ಮರಿನಲ್ಲಿ ತೆಗೆಯಿರಿ. ರೇಜರ್ ಎಳೆದರೆ ಕೂದಲ ಬುಡದಲ್ಲಿ ಕೀವಿನ ಗುಳ್ಳೆ ಏಳುವ ಸಂಭವ ಜಾಸ್ತಿ.

ಪ್ಲೇಟಿನ ಅಂಟು ಶಾಖಕ್ಕೆ ಹಿಡಿಯುವಂಥದ್ದು. ಹಿಂದಿನ ಪೇಪರ್ ತೆಗೆಯುವ ಮೊದಲೇ ಎರಡು ಅಂಗೈ ನಡುವೆ ಒಂದೆರಡು ನಿಮಿಷ ಹಿಡಿದು ಬೆಚ್ಚಗೆ ಮಾಡಿ. ರೋಗಿ ನಿಂತಿರಲಿ ಅಥವಾ ನೇರ ಮಲಗಿರಲಿ, ಹೊಟ್ಟೆ ಚಪ್ಪಟೆಯಾಗಿರಬೇಕು. ಕೂತಾಗ ಅಂಟಿಸಿದರೆ ಮಡಿಕೆಯ ಮೇಲೇ ಅಂಟುತ್ತದೆ, ಎದ್ದ ಕೂಡಲೇ ಬಿಡುತ್ತದೆ. ಕೆಳಗಿನ ಅಂಚಿನಿಂದ ಶುರುಮಾಡಿ, ತೂತಿನ ಸುತ್ತ ಬೆರಳಿನಿಂದ ಒತ್ತಿ, ಆಮೇಲೆ ಹೊರಗಿನ ಅಂಚಿಗೆ ಬನ್ನಿ. ಕೊನೆಗೆ ಅಂಗೈ ಮೇಲಿಟ್ಟು ಕೆಲವು ನಿಮಿಷ ಹಾಗೇ ಹಿಡಿದಿರಿ. ಈ ಕೆಲವು ನಿಮಿಷಕ್ಕೆ ಎಲ್ಲರೂ ಅವಸರ ಮಾಡುತ್ತಾರೆ. ಅಪ್ಪನಿಗೆ ನಾನು ಆ ಹೊತ್ತಿಗೆ ರೇಡಿಯೋ ಹಾಕಿಕೊಡುತ್ತೇನೆ. ಇಲ್ಲದಿದ್ದರೆ "ಆಯ್ತಾ, ಏಳ್ಲಾ?" ಅಂತ ಎದ್ದೇಬಿಡುತ್ತಾರೆ.

ಎಷ್ಟು ದಿನಕ್ಕೆ ಬದಲಾಯಿಸಬೇಕು? ಸಾಮಾನ್ಯವಾಗಿ 3ರಿಂದ 4 ದಿನ. ಸೋರದೇ ಇದ್ದರೂ ವಾರಕ್ಕಿಂತ ಜಾಸ್ತಿ ಬಿಡಬಾರದು. ಒಳಗೆ ಉರಿ ಅಥವಾ ನವೆ ಶುರುವಾದರೆ ಅದು ಎರಡನೇ ದಿನವಾಗಿದ್ದರೂ ಆಗಲೇ ತೆಗೆಯಿರಿ. ಉರಿ ಅಂದರೆ ಒಳಗಡೆ ಸೋರಿಕೆ ಶುರುವಾಗಿದೆ, ಹೊರಗೆ ಕಾಣುವುದು ತಡ ಅಷ್ಟೇ. ದುಡ್ಡು ಉಳಿಸಲು ಇನ್ನೊಂದು ದಿನ ತಳ್ಳಿದರೆ ಚರ್ಮದ ಔಷಧಿಗೆ ಅದರ ಎರಡರಷ್ಟು ಹೋಗುತ್ತದೆ.

ಹೆಜ್ಜೆ 4: ಚರ್ಮ ಆಗಲೇ ಹಸಿಯಾಗಿದ್ದರೆ

ಸ್ಟೋಮಾ ಪೌಡರ್ ಅಂತಲೇ ಸಿಗುತ್ತದೆ. ಮುಖಕ್ಕೆ ಹಾಕುವ ಪೌಡರ್ ಅಲ್ಲ, ಅದು ಹಾಕಿದರೆ ಪ್ಲೇಟ್ ಜಾರುತ್ತದೆ. ಹಸಿಯಾದ ಜಾಗಕ್ಕೆ ಮಾತ್ರ ಸ್ಟೋಮಾ ಪೌಡರ್ ಉದುರಿಸಿ. ಒದ್ದೆ ಇರುವ ಕಡೆ ಅದು ಅಂಟಿಕೊಳ್ಳುತ್ತದೆ. ಮಿಕ್ಕಿದ್ದನ್ನು ಒಣ ಬಟ್ಟೆಯಲ್ಲಿ ಕೊಡವಿಬಿಡಿ. ಅದರ ಮೇಲೆ ಸ್ಪಿರಿಟ್ ಇಲ್ಲದ ಬ್ಯಾರಿಯರ್ ಸ್ಪ್ರೇ (ಚರ್ಮದ ಮೇಲೆ ತೆಳು ಪೊರೆ ಕಟ್ಟುವಂಥದ್ದು) ಹೊಡೆಯಿರಿ, ಅಥವಾ ಬ್ಯಾರಿಯರ್ ವೈಪ್‌ನಿಂದ ಒತ್ತಿ. ಒಣಗಲು ಬಿಡಿ. ಮತ್ತೆ ಪೌಡರ್, ಮತ್ತೆ ಸ್ಪ್ರೇ. ಹೀಗೆ ಎರಡು ಮೂರು ಪದರ ಆದರೆ ಗಾಯದ ಮೇಲೆ ಒಣ ಹಕ್ಕಳೆ ಕಟ್ಟಿದಂತಾಗಿ ಪ್ಲೇಟ್ ಅದಕ್ಕೆ ಅಂಟುತ್ತದೆ. ಒಳಗೆ ಚರ್ಮ ತಾನೇ ಮಾಯುತ್ತದೆ. ಮಾಯ್ದ ಮೇಲೆ ಪೌಡರ್ ನಿಲ್ಲಿಸಿಬಿಡಿ. ಒಣ ಚರ್ಮಕ್ಕೆ ಪೌಡರ್ ಹಾಕಿದರೆ ಅಂಟುವುದಕ್ಕೆ ಅಡ್ಡಿ.

ಎಲ್ಲಾ ಕೆಂಪೂ ಸೋರಿಕೆಯಿಂದಲೇ ಬಂದದ್ದಲ್ಲ. ಕೆಂಪು ಜಾಗ, ಅದರ ಅಂಚಿನಾಚೆ ಚುಕ್ಕೆ ಚುಕ್ಕೆ, ತಡೆಯಲಾಗದ ನವೆ ಇದ್ದರೆ ಬೆವರಿಗೆ ಬರುವ ಫಂಗಸ್ ಇರಬಹುದು, ಡಾಕ್ಟರ್ ಅದಕ್ಕೆ ಬೇರೆ ಪೌಡರ್ ಬರೆದುಕೊಡುತ್ತಾರೆ. ಕೆಂಪು ಸರಿಯಾಗಿ ಪ್ಲೇಟಿನ ಆಕಾರದಲ್ಲೇ ಅಚ್ಚೊತ್ತಿದಂತೆ ಇದ್ದರೆ ಆ ಅಂಟಿಗೆ ಅಲರ್ಜಿ ಇರಬಹುದು. ಬೇರೆ ಕಂಪನಿಯದ್ದರ ಒಂದು ಚೂರನ್ನು ಹೊಟ್ಟೆಯ ಇನ್ನೊಂದು ಬದಿಗೆ ಒಂದೆರಡು ದಿನ ಅಂಟಿಸಿ ನೋಡಿ, ಆಮೇಲೆ ಡಬ್ಬಿ ಕೊಳ್ಳಿ. ಮೆಡಿಕಲ್ ಶಾಪಿನಲ್ಲಿ "ನವೆಗೆ ಟ್ಯೂಬ್ ಕೊಡಿ" ಅಂತ ಕೇಳಿ ಸಿಕ್ಕಿದ ಮುಲಾಮು ಮಾತ್ರ ಹಚ್ಚಬೇಡಿ. ಅದರಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ, ಜಿಡ್ಡಂತೂ ಇದ್ದೇ ಇರುತ್ತದೆ.

ಹೆಜ್ಜೆ 5: ಗುಂಡಿ, ಮಡಿಕೆ ತುಂಬುವುದು

ಮೊದಲ ಹೆಜ್ಜೆಯಲ್ಲಿ ಒಂದೇ ಕಡೆ ಕಾಲುವೆ ಕಂಡಿತ್ತಲ್ಲ, ಅದಕ್ಕೆ ಇಲ್ಲಿ ಮದ್ದು. ಬ್ಯಾಗ್ ಇಲ್ಲದೆ ರೋಗಿಯನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿ. ಮಲಗಿದಾಗ ಚಪ್ಪಟೆಯಾಗಿದ್ದ ಹೊಟ್ಟೆ ಕೂತಾಗ ಎಲ್ಲಿ ಮಡಚುತ್ತದೆ ಅಂತ ಆಗ ಕಾಣುತ್ತದೆ.

ಆ ಜಾಗಕ್ಕೆ ಸ್ಟೋಮಾ ಪೇಸ್ಟ್ ಬೇಕು. ಪೇಸ್ಟ್ ಅಂಟಿಸುವ ಗೋಂದು ಅಲ್ಲ, ಸಂದು ತುಂಬುವುದಕ್ಕೆ ಮಾತ್ರ. ದಪ್ಪಗೆ ಮೆತ್ತಿದರೆ ಪ್ಲೇಟ್ ಅಂಟದೆ ತೇಲುತ್ತದೆ. ತೂತಿನ ಅಂಚಿಗೆ ತೆಳ್ಳನೆ ಗೆರೆ, ಗುಂಡಿ ಇರುವ ಕಡೆ ಸ್ವಲ್ಪ ಜಾಸ್ತಿ, ಒಂದು ನಿಮಿಷ ಗಾಳಿಗೆ ಬಿಟ್ಟು ಅಂಟಿಸಿ. ಬೆರಳು ಒದ್ದೆ ಮಾಡಿಕೊಂಡರೆ ಕೈಗೆ ಮೆತ್ತುವುದಿಲ್ಲ. ಸುಮಾರು ಪೇಸ್ಟುಗಳಲ್ಲಿ ಆಲ್ಕೋಹಾಲ್ ಇರುವುದರಿಂದ ಹಸಿ ಚರ್ಮಕ್ಕೆ ಹಾಕಿದರೆ ಜೀವ ಹೋಗುವಷ್ಟು ಉರಿ. ಚರ್ಮ ಕೆಟ್ಟಿದ್ದರೆ ಪೇಸ್ಟ್ ಬದಲು ಬ್ಯಾರಿಯರ್ ರಿಂಗ್ ತೆಗೆದುಕೊಳ್ಳಿ. ಕೈಯಲ್ಲಿ ಎಳೆದು ಬೇಕಾದ ಆಕಾರಕ್ಕೆ ತಂದು ಸ್ಟೋಮಾ ಸುತ್ತ ಕೂರಿಸಬಹುದು. ಬೆಲೆ ಜಾಸ್ತಿ ನಿಜ, ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಸ್ಟೋಮಾ ಚರ್ಮದ ಮಟ್ಟಕ್ಕೇ ಇದ್ದರೆ ಅಥವಾ ಒಳಗೆ ಎಳೆದುಕೊಂಡಿದ್ದರೆ ಚಪ್ಪಟೆ ಪ್ಲೇಟ್ ಏನು ಮಾಡಿದರೂ ನಿಲ್ಲುವುದಿಲ್ಲ. ಮೋಷನ್ ನೇರ ಬ್ಯಾಗಿಗೆ ಬೀಳದೆ ಪ್ಲೇಟಿನ ಕೆಳಗೆ ನುಗ್ಗುತ್ತದೆ. ಅದಕ್ಕೆ ಒಳಕ್ಕೆ ಉಬ್ಬಿರುವ ಕಾನ್ವೆಕ್ಸ್ ಪ್ಲೇಟ್ ಮತ್ತು ಸೊಂಟದ ಬೆಲ್ಟ್ ಇವೆ. ಇದನ್ನು ಮಾತ್ರ ಸರ್ಜನ್ ಅಥವಾ ಸ್ಟೋಮಾ ನರ್ಸ್ ನೋಡಿ ಹೇಳಿದ ಮೇಲೆಯೇ ಹಾಕಿ. ಹೊಟ್ಟೆ ಮೇಲೆ ಒತ್ತಡ ಬೀಳುವ ಸಾಮಾನು ಅದು.

ಈ ಅಂಟಿಸುವ ಬ್ಯಾಗ್ ಅನ್ನುವುದೇ ಇತ್ತೀಚಿನದು. 1954ರಲ್ಲಿ ಡೆನ್ಮಾರ್ಕಿನ ಎಲಿಸೆ ಸೊರೆನ್ಸೆನ್ ಅನ್ನುವ ನರ್ಸ್, ಆಪರೇಷನ್ ಆದ ತನ್ನ ತಂಗಿ ಸೋರಿಕೆಗೆ ಹೆದರಿ ಮನೆಯಿಂದ ಹೊರಗೇ ಹೋಗದಿರುವುದನ್ನು ನೋಡಿ ಇದನ್ನು ಯೋಚಿಸಿದ್ದು. ಈಗ ಅಂಗಡಿಯಲ್ಲಿ ಸಿಗುವ ಕೊಲೊಪ್ಲಾಸ್ಟ್ ಕಂಪನಿ 1957ರಲ್ಲಿ ಶುರುವಾದದ್ದು ಅದೇ ಬ್ಯಾಗಿನಿಂದ. ಮನೆಯವರ ಕಷ್ಟ ನೋಡಿದವರೇ ಕಂಡುಹಿಡಿದದ್ದು ಅಂತ ಅಪ್ಪನಿಗೆ ಹೇಳಿದರೆ "ಹಂಗಾದ್ರೆ ನೀನೂ ಏನಾದ್ರೂ ಕಂಡುಹಿಡಿ" ಅಂದರು.

ಬಟ್ಟೆ, ಕೆಲಸ, ಊಟ

ಉಡಿದಾರ ಕಟ್ಟುವವರು ಅದು ಪ್ಲೇಟಿನ ಅಂಚಿಗೆ ಉಜ್ಜುತ್ತಿದೆಯಾ ನೋಡಿ. ಪಂಚೆಯ ಗಂಟು, ಲಂಗದ ಲಾಡಿ ಸ್ಟೋಮಾ ಮೇಲೆ ಬಿಗಿಯಾಗಿ ಬಿದ್ದರೆ ಮೋಷನ್ ಕೆಳಗಿಳಿಯಲು ಜಾಗ ಸಿಗದೆ ಪಕ್ಕಕ್ಕೆ ಸೋರುತ್ತದೆ. ಸ್ಟೋಮಾಗಿಂತ ಮೇಲಕ್ಕೋ ಕೆಳಕ್ಕೋ ಕಟ್ಟಿ. ಬೇಸಿಗೆಯಲ್ಲಿ ಬೆವರಿಗೆ ಅಂಟು ಬೇಗ ಬಿಡುತ್ತದೆ. ಮಾರ್ಚ್‌ನಿಂದ ಮೇ ತನಕ ಒಂದು ದಿನ ಮುಂಚೆಯೇ ಬದಲಾಯಿಸಿ, ಬ್ಯಾಗಿಗೂ ಚರ್ಮಕ್ಕೂ ನಡುವೆ ಹತ್ತಿ ಬಟ್ಟೆಯ ಚೀಲ ಹಾಕಿ.

ಬ್ಯಾಗ್ ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧ ತುಂಬಿದ ಕೂಡಲೇ ಖಾಲಿ ಮಾಡಿ. ತುಂಬಿದ ಬ್ಯಾಗಿನ ಭಾರಕ್ಕೇ ಪ್ಲೇಟ್ ಕಿತ್ತು ಬರುತ್ತದೆ. ಮಲಗುವ ಮೊದಲಂತೂ ತಪ್ಪದೆ ಖಾಲಿ ಮಾಡಿ.

ಭಾರ ಎತ್ತುವುದು ಬೇಡ. 15 ಕೆಜಿಯ ಟೊಮೆಟೊ ಬಾಕ್ಸ್, ತುಂಬಿದ ಬಿಂದಿಗೆ, ಹಿಂಡಿ ಮೂಟೆ, ಇವೆಲ್ಲ ಸ್ಟೋಮಾ ಪಕ್ಕ ಹರ್ನಿಯಾ (ಒಳಗಿನ ಕರುಳು ಚರ್ಮದಡಿ ಉಬ್ಬಿ ಬರುವುದು) ತರಬಹುದು. ಹರ್ನಿಯಾ ಬಂದು ಹೊಟ್ಟೆಯ ಆಕಾರ ಬದಲಾದರೆ ಮೊದಲು ಚೆನ್ನಾಗಿ ಹಿಡಿಯುತ್ತಿದ್ದ ಪ್ಲೇಟೂ ಸೋರಲು ಶುರುವಾಗುತ್ತದೆ. "ಮಂಡಿಗೆ ಕಳಿಸುವ ದಿನ ಒಂದೆರಡು ಬಾಕ್ಸ್ ಎತ್ತಿದರೆ ಏನಾಗುತ್ತೆ" ಅನ್ನುವ ರೈತರಿಗೆ ಹೇಳಿ ಸಾಕಾಗುತ್ತದೆ, ಆದರೂ ಹೇಳಬೇಕು.

ಊಟದಲ್ಲಿ ಎಲ್ಲವನ್ನೂ ಬಿಡಬೇಕಾಗಿಲ್ಲ. ಮೊದಲ ವಾರಗಳಲ್ಲಿ ಮೆತ್ತಗಿನ ಅನ್ನ, ಮೊಸರು, ಬಾಳೆಹಣ್ಣು. ಆಮೇಲೆ ಡಾಕ್ಟರ್ ಹೇಳಿದಂತೆ ಒಂದೊಂದೇ ಸೇರಿಸಿ. ಮುದ್ದೆಯನ್ನು ನಾವು ಅಗಿಯದೇ ನುಂಗುತ್ತೇವಲ್ಲ, ಸಾರಿನಲ್ಲಿರುವ ಕಾಳು, ಸೊಪ್ಪಿನ ದಂಟೂ ಅದರ ಜೊತೆ ಹಾಗೇ ಇಳಿದುಹೋಗುತ್ತದೆ. ಅವನ್ನಾದರೂ ಅಗಿದು ತಿನ್ನಲಿ. ಅವರೆಕಾಯಿ ಕಾಲದಲ್ಲಿ ಹಿತಕಬೇಳೆ ಸಾರು ತಿಂದರೆ ಗ್ಯಾಸಿನಿಂದ ಬ್ಯಾಗ್ ಬಲೂನಾಗುತ್ತದೆ, ಆ ಒತ್ತಡಕ್ಕೂ ಅಂಟು ಬಿಡುತ್ತದೆ. ತಿನ್ನಲಿ, ಸ್ವಲ್ಪ ತಿನ್ನಲಿ, ಮಧ್ಯೆ ಮಧ್ಯೆ ಗಾಳಿ ಬಿಡಿಸಿ. ಮೋಷನ್ ತೀರಾ ಗಟ್ಟಿಯಾಗಿ ಸ್ಟೋಮಾ ಬಾಯಲ್ಲೇ ಕೂತು ಕೆಳಗಿಳಿಯದಿದ್ದರೂ ಸೋರುತ್ತದೆ. ಆಗ ನೀರು ಜಾಸ್ತಿ ಕುಡಿಸಿ, ಬ್ಯಾಗ್ ಹಾಕುವಾಗ ಒಳಗೆ ಸ್ವಲ್ಪ ಗಾಳಿ ಉಳಿಸಿ. ಕ್ಯಾನ್ಸರಿಗೆ ಕೀಮೋ ನಡೆಯುವಾಗ ಭೇದಿ ಆದರೆ ಓಆರ್‌ಎಸ್ ಕೊಟ್ಟು ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ್ದು

ಸ್ಟೋಮಾ ಕಪ್ಪಗೆ, ನೀಲಿಗೆ ತಿರುಗಿದರೆ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಅಥವಾ ಒಳಗಿನಿಂದ ಬರುತ್ತಿದ್ದರೆ. ಮೋಷನ್, ಗ್ಯಾಸ್ ಎರಡೂ ನಿಂತು ಹೊಟ್ಟೆನೋವು, ವಾಂತಿ ಶುರುವಾದರೆ. ಕರುಳು ಇದ್ದಕ್ಕಿದ್ದ ಹಾಗೆ ಉದ್ದವಾಗಿ ಹೊರಗೆ ಬಂದರೆ. ಚರ್ಮದಲ್ಲಿ ಆಳವಾದ ಹುಣ್ಣು, ಕೀವು, ಜ್ವರ ಇದ್ದರೆ. ಇವಕ್ಕೆ ಬೆಂಗಳೂರಿನ ಮುಂದಿನ ಚೆಕಪ್ ತಾರೀಖಿಗೆ ಕಾಯಬೇಡಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯೋ ಟಮಕದ ಜಾಲಪ್ಪ ಆಸ್ಪತ್ರೆಯೋ, ಹತ್ತಿರ ಯಾವುದಿದೆಯೋ ಅಲ್ಲಿಗೆ ಹೊರಡಿ. ಗಾಡಿ ಇಲ್ಲದಿದ್ದರೆ 108.

ಸಾಮಾನು, ಪ್ರಯಾಣ

ಬ್ಯಾಗು, ಪ್ಲೇಟುಗಳನ್ನು ತಣ್ಣಗಿರುವ ಜಾಗದಲ್ಲಿಡಿ. ಶೀಟಿನ ಮನೆಯ ಅಟ್ಟದಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಟ್ಟರೆ ಶಾಖಕ್ಕೆ ಅಂಟು ಹಾಳಾಗುತ್ತದೆ. ತಾಲ್ಲೂಕು ಊರುಗಳಲ್ಲಿ ಎಲ್ಲಾ ಅಳತೆ ಸಿಗುವುದಿಲ್ಲ. ಡಬ್ಬಿ ಮೇಲಿನ ಕೋಡ್ ನಂಬರ್ ಫೋಟೋ ತೆಗೆದು ಮೆಡಿಕಲ್ ಶಾಪಿನವರಿಗೆ ಕಳಿಸಿ ಮುಂಚೆಯೇ ತರಿಸಿಕೊಳ್ಳಿ. ಬಳಸಿದ ಬ್ಯಾಗನ್ನು ಖಾಲಿ ಮಾಡಿ, ಪೇಪರಿನಲ್ಲಿ ಸುತ್ತಿ ಕವರಿಗೆ ಹಾಕಿ ಕಸಕ್ಕೆ ಕೊಡಿ. ಟಾಯ್ಲೆಟ್ಟಿಗೆ ಹಾಕಿದರೆ ಪೈಪ್ ಕಟ್ಟಿಕೊಳ್ಳುತ್ತದೆ.

ಚೆಕಪ್ಪಿಗೆ ಬಸ್ಸಿನಲ್ಲಿ ಹೋಗುವಾಗ ಮೊದಲೇ ತೂತು ಕತ್ತರಿಸಿದ ಒಂದು ಪ್ಲೇಟ್, ಒಂದು ಬ್ಯಾಗ್, ಒದ್ದೆ ಬಟ್ಟೆ, ಒಂದು ಬಾಟಲ್ ನೀರು, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಹೊರಡುವ ಮುಂಚೆ ಖಾಲಿ ಮಾಡಿಸಿ. ಡಾಕ್ಟರ್ ಮುಂದೆ "ಸೋರ್ತಾ ಇದೆ ಸಾರ್" ಅಂತ ಅಷ್ಟೇ ಹೇಳಿ ಬರಬೇಡಿ, ಪ್ಲೇಟಿನ ಹಿಂಭಾಗದ ಫೋಟೋಗಳನ್ನು ತೋರಿಸಿ, ಹೊಟ್ಟೆಯ ಮೇಲೆ ಯಾವ ಗಂಟೆಯ ದಿಕ್ಕಿಗೆ, ಎಷ್ಟನೇ ದಿನಕ್ಕೆ, ಕೂತಾಗಲೋ ಮಲಗಿದಾಗಲೋ ಅಂತ ಹೇಳಿ. ಅಲ್ಲಿ ಸ್ಟೋಮಾ ನರ್ಸ್ ಇದ್ದಾರಾ ಅಂತ ಕೇಳಿ, ಇದ್ದರೆ ಅವರ ಎದುರಿಗೆ ನೀವೇ ಒಂದು ಸಲ ಬ್ಯಾಗ್ ಬದಲಾಯಿಸಿ ತೋರಿಸಿ.